ಅಗೆಯದೆ ದೊರೆಯುವ ನಿಧಿ

ವಿದೇಶದಲ್ಲಿ ಓದುತ್ತಿರುವ ಮೊಮ್ಮಗ ರಜೆಗೆ ಬಂದಾಗ ಅವನನ್ನು ಸೊರಬದ ಕಡೆ ಕರೆದೊಯ್ದಿದ್ದೆ. ಕಾನಿನ ಅಂಚಿನ ಪಾಳುಗುಡಿಯೊಂದರ ಎದುರು ನಿಂತು ಅವನು, ‘ಅಜ್ಜ, ಇಲ್ಲಿ ನಿಧಿ ಇಟ್ಟಿರಬೇಕಲ್ಲ?’ ಎಂದ. ಜೊತೆಗಿದ್ದ ಊರಿನ ಹಿರಿಯರ ಮುಖ ಬಿಗಿಯಿತು. ‘ಆ ಮಾತು ಬೇಡ ಸ್ವಾಮಿ, ನಿಧಿ ಅಂತಲೇ ರಾತ್ರೋರಾತ್ರಿ ಲಿಂಗ ಕಿತ್ತಿದ್ದಾರೆ’ ಎಂದು ಗರ್ಭಗುಡಿಯ ಗುಂಡಿಯನ್ನು ತೋರಿಸಿದರು.

ಹುಡುಗ ಹೇಳಿದ್ದು ಜಿಯೋಕ್ಯಾಶಿಂಗ್ ಎಂಬ ಆಟದ ಬಗ್ಗೆ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರವು ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ತೆಗೆದುಹಾಕಿತು. ಆದಾದ ಕೆಲವೇ ದಿನಗಳಲ್ಲಿ ಆರೆಗಾನ್ ರಾಜ್ಯದ ಒಬ್ಬಾತ ಕಾಡಿನಲ್ಲಿ ಬಕೆಟ್ಟೊಂದನ್ನು ಬಚ್ಚಿಟ್ಟು ಅದರ ಅಕ್ಷಾಂಶ–ರೇಖಾಂಶಗಳನ್ನು ಪ್ರಕಟಿಸಿದ. ಹುಡುಕಿದವರು ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆದು ಮೊದಲಿದ್ದಲ್ಲೇ ಇಡಬೇಕು. ಜನರನ್ನು ಕಾಡುಮೇಡು ನಡೆಸುವ ಈ ಆಟ ಇಂದು ಜಗತ್ತಿನಾದ್ಯಂತ ಹರಡಿದೆ.

ಇದು ಶಿಕಾರಿಪುರ, ಸೊರಬಗಳಿಗೂ ಬರಲಿ ಎಂಬುದು ನನ್ನ ಅಭಿಪ್ರಾಯ. ಷರತ್ತು ಒಂದೇ: ಇಲ್ಲಿ ಯಾರೂ ಏನನ್ನೂ ಹೂಳಬಾರದು, ಏನನ್ನೂ ಅಗೆಯಬಾರದು.

ಹೂಳುವ ಅಗತ್ಯವಾದರೂ ಏನಿದೆ? ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ, ಕಂಚಿಗೆ ಓದಲು ಹೋಗಿ ಪಲ್ಲವರೊಡನೆ ಜಗಳವಾಗಿ ಶ್ರೀಪರ್ವತದ ಕಾಡು ಹೊಕ್ಕು ರಾಜ್ಯ ಕಟ್ಟಿದ ಮಯೂರಶರ್ಮನ ಕಥೆಯನ್ನು ಕವಿ ಕುಬ್ಜ ಬರೆದಿದ್ದಾನೆ. ಅಲ್ಲಿಯೇ 2013ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಲಾಗಿದೆ. ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ಉಡುಗಣಿಯಲ್ಲಿ ಅಕ್ಕಮಹಾದೇವಿಯ ನೆನಪು, ಚಂದ್ರಗುತ್ತಿಯಲ್ಲಿ ಬೆಟ್ಟದ ಕೋಟೆ, ಮಳೆಗಾಲದ ಗುಡವಿಯಲ್ಲಿ ಕೆಂಬರಲುಗಳ ಗೂಡು. ಇವುಗಳ ನಡುವೆ ಹಬ್ಬಿರುವುದೇ ಕಾನು: ಹಳ್ಳಗಳಿಗೆ ಮೂಲವಾದ, ಕಾಳುಮೆಣಸು, ಬೈನೆ ಬೆಳೆದ ನಿತ್ಯಹಸಿರಿನ ತೋಪು. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಷ್ಟು ಹಿಂದೆಯೇ ವರದಿ ಬರೆದಿದ್ದರು.

ನಿಜವಾದ ಆತಂಕವಿರುವುದು ಈ ಕಾನುಗಳ ಬಗ್ಗೆ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಕಾನು, ಸೊಪ್ಪಿನಬೆಟ್ಟಗಳ ಹೆಸರಿದೆ. ನೆಲದ ಮೇಲೆ ಅವುಗಳ ಗಡಿ ವರ್ಷವರ್ಷ ಹಿಂದೆ ಸರಿಯುತ್ತಿದೆ. ಸೇವೆಯಲ್ಲಿದ್ದಾಗ ಸಕ್ರಮದ ಕಡತಗಳು ನನ್ನ ಮೇಜಿಗೂ ಬರುತ್ತಿದ್ದವು. ‘ಸ್ಥಳ ತನಿಖೆ ಮಾಡಲಾಗಿದೆ’ ಎಂಬ ಕೆಳಗಿನವರ ಷರಾವನ್ನು ನಂಬಿ ರುಜು ಹಾಕಿದ್ದುಂಟು. ನಿವೃತ್ತನಾದ ಮೇಲೆ ಅಂಥದೊಂದು ಸರ್ವೆ ನಂಬರಿಗೆ ನಡೆದು ಹೋದೆ. ನಕ್ಷೆಯಲ್ಲಿ ಕಾನಿದ್ದಲ್ಲಿ ಶುಂಠಿಯ ಮಡಿಗಳಿದ್ದವು. ಯಾರೂ ನಡೆದು ನೋಡದ ನೆಲ ಕಾಗದದಲ್ಲಿ ಮಾತ್ರ ಉಳಿಯುತ್ತದೆ ಎಂಬ ಪಾಠ ನನಗೆ ತಡವಾಗಿ ದಕ್ಕಿತು.

ಎಲ್ಲರಿಗೂ ಸೇರಿದ್ದನ್ನು ಯಾರೂ ಕಾಯುವುದಿಲ್ಲ ಎಂಬುದು ಅರ್ಥಶಾಸ್ತ್ರದ ಹಳೆಯ ಮಾತು. ಆದರೆ ಆಗಾಗ ನಡೆದವರು ಬೇಲಿ ಸರಿದದ್ದನ್ನು ಗಮನಿಸುತ್ತಾರೆ, ದೂರು ಕೊಡುತ್ತಾರೆ.

ಇದಕ್ಕೆ ಮಾದರಿಯೂ ಇದೆ. 2004ರಿಂದ ನಡೆದಿರುವ ‘ಅರ್ಥ್‌ಕ್ಯಾಶ್’ನಲ್ಲಿ ಡಬ್ಬಿಯೇ ಇಲ್ಲ, ಸ್ಥಳಕ್ಕೆ ಹೋಗಿ ನೆಲ, ಬಂಡೆಗಳನ್ನು ನೋಡಿ ಪ್ರಶ್ನೆಗೆ ಉತ್ತರಿಸಬೇಕು. ತಾಳಗುಂದದ ಕಂಬಕ್ಕೆ ಎಷ್ಟು ಮುಖ, ಈ ಹಳ್ಳ ಯಾವ ಕೆರೆಗೆ ಸೇರುತ್ತದೆ ಎಂಬಂಥ ಪ್ರಶ್ನೆಗಳೇ ನಮಗೂ ಸಾಕು. ಮಾರ್ಗವನ್ನು ಅರಣ್ಯ ಇಲಾಖೆ, ಪುರಾತತ್ತ್ವ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ಸೇರಿ ಗೊತ್ತುಮಾಡಲಿ. ಊರಿನ ಯುವಕರೇ ಸಂಬಳ ಪಡೆದು ದಾರಿ ತೋರಿಸಲಿ. ಗೂಡು ಕಟ್ಟುವ ಕಾಲದಲ್ಲಿ ಹಕ್ಕಿಗಳನ್ನು ದೂರದಿಂದಲೇ ನೋಡುವ ನಿಯಮವಿರಲಿ. ಕಾವಲಿಲ್ಲದ ಪಾಳುಗುಡಿಗಳ ವಿಳಾಸವನ್ನಂತೂ ಪ್ರಕಟಿಸಲೇಬಾರದು; ಅದು ಕಳ್ಳನ ಕೈಗೆ ನಕ್ಷೆ ಕೊಟ್ಟಂತೆ.

ಅಂದು ಮೊಮ್ಮಗ ಗುಡಿಯ ಪಕ್ಕದ ವೀರಗಲ್ಲಿನ ಚಿತ್ರ ಬಿಡಿಸಿಕೊಂಡ. ಹೊರಡುವಾಗ ಆ ಹಿರಿಯರು ಅದನ್ನು ನೋಡಿ, ‘ಇಷ್ಟು ಹೊತ್ತು ಇದರ ಮುಂದೆ ಕೂತವರು ನೀನೇ ಮೊದಲು, ತಮ್ಮಾ’ ಎಂದರು. ಅವರ ಮುಖದ ಬಿಗಿ ಸಡಿಲಿತ್ತು.