ಎರಡನೇ ಲೀಗಿನ ಗೋಲುಗಾರನಿಗೆ ಅನುಕಂಪ ಬೇಕಿಲ್ಲ

ಸಿಮೋನ್ ಟೆರೊಡ್ಡೆ ಎಂಬ ಜರ್ಮನ್ ಫುಟ್‌ಬಾಲ್ ಆಟಗಾರನ ಹೆಸರು ಬಂದಾಗಲೆಲ್ಲ ಒಂದು ಮಾತು ಹಿಂದೆಯೇ ಬರುತ್ತದೆ: ಎರಡನೇ ಲೀಗಿಗೆ ಹೆಚ್ಚಾದವನು, ಮೊದಲನೆಯದಕ್ಕೆ ಸಾಲದವನು. ಕೇಳಲು ಚೆನ್ನಾಗಿದೆ, ತಕ್ಕಡಿಯ ಎರಡು ತಟ್ಟೆಯಂತೆ ಸಮವಾಗಿ ತೂಗುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಬೊಖೋಲ್ಟ್ ಊರಿನಲ್ಲಿ 1988ರಲ್ಲಿ ಹುಟ್ಟಿದ ಈತ ಡ್ಯೂಸ್‌ಬುರ್ಗ್, ಯೂನಿಯನ್ ಬರ್ಲಿನ್, ಬೋಖುಮ್, ಸ್ಟುಟ್‌ಗಾರ್ಟ್, ಕಲೋನ್, ಹ್ಯಾಂಬರ್ಗ್, ಶಾಲ್ಕೆ ಎಂದು ಕ್ಲಬ್ಬಿನಿಂದ ಕ್ಲಬ್ಬಿಗೆ ಹೋದವನು. ನಾಲ್ಕು ಬಾರಿ ಎರಡನೇ ಬುಂಡೆಸ್‌ಲಿಗಾದಲ್ಲಿ ಅತಿ ಹೆಚ್ಚು ಗೋಲು ಹೊಡೆದ, ಅದೂ ನಾಲ್ಕು ಬೇರೆ ಬೇರೆ ಕ್ಲಬ್ಬುಗಳಿಗೆ: ಬೋಖುಮ್‌ಗೆ 25, ಸ್ಟುಟ್‌ಗಾರ್ಟ್‌ಗೆ 25, ಕಲೋನ್‌ಗೆ 29, ಶಾಲ್ಕೆಗೆ 30. ಡೀಟರ್ ಶಾಟ್ಸ್‌ಶ್ನೈಡರ್ ಎಂಬ ಹಿರಿಯನ 153 ಗೋಲುಗಳ ದಾಖಲೆ ದಶಕಗಳ ಕಾಲ ಅಲುಗಾಡದೆ ನಿಂತಿತ್ತು. 2021ರಲ್ಲಿ ಅದನ್ನು ದಾಟಿದ. ತರಬೇತುದಾರ ಬದಲಾದರೂ ಪಕ್ಕದಲ್ಲಿ ಓಡುವವರು ಬದಲಾದರೂ ಗೋಲು ನಿಲ್ಲಲಿಲ್ಲ. ಇದನ್ನು ಅದೃಷ್ಟ ಎನ್ನುವವರ ಜೊತೆ ನನಗೆ ವಾದವಿಲ್ಲ.

ಇನ್ನು ‘ಸಾಲದವನು’ ಎಂಬ ಭಾಗ. ಮೊದಲ ಲೀಗಿನಲ್ಲಿ ಅವನ ಗೋಲುಗಳು ಕಡಿಮೆ, ನಿಜ. ಓಟದಲ್ಲಿ ಅವನು ಮಿಂಚಲ್ಲ. ಆದರೆ ಅವನು ಅಲ್ಲಿ ಆಡಿದ್ದು ಯಾವ ತಂಡಗಳಲ್ಲಿ? ಸ್ಟುಟ್‌ಗಾರ್ಟ್ 2017ರಲ್ಲಿ ಅವನ ಗೋಲುಗಳ ಮೇಲೆ ಮೇಲೇರಿತು. ಮುಂದಿನ ಚಳಿಗಾಲಕ್ಕೆ ಮಾರಿಯೋ ಗೋಮೆಸ್‌ನನ್ನು ವಾಪಸು ತಂದು ಇವನನ್ನು ಕಲೋನ್‌ಗೆ ಕಳಿಸಿತು. ಕಲೋನ್ ಆಗ ಪಟ್ಟಿಯ ತಳದಲ್ಲಿ ಬಿದ್ದಿತ್ತು. 2018ರ ಜನವರಿಯಲ್ಲಿ ಬದ್ಧ ವೈರಿ ಮ್ಯುನ್‌ಶೆನ್‌ಗ್ಲಾಡ್‌ಬಾಖ್ ಎದುರು ಹೊಸ ತಂಡದಲ್ಲಿ ಮೊದಲ ಪಂದ್ಯ. ಹೆಚ್ಚುವರಿ ನಿಮಿಷಗಳಲ್ಲಿ ತಲೆಯಿಂದ ಹೊಡೆದು ಗೆಲ್ಲಿಸಿದ. ಅದೂ ಮೊದಲ ಲೀಗೇ! ಕಲೋನ್ ಕೆಳಗಿಳಿಯಿತು. ಮರುವರ್ಷ ಇವನ 29 ಗೋಲುಗಳಿಂದ ಮೇಲೆ ಬಂತು. ಮೇಲೆ ಬಂದ ಮೇಲೆ ಇವನಿಗಿಂತ ಯೋನ್ ಕೊರ್ಡೋಬಾಗೆ ಹೆಚ್ಚು ಜಾಗ ಸಿಕ್ಕಿತು. ಏಣಿ ಹತ್ತಿದವರು ಏಣಿಯನ್ನು ಒದ್ದರು ಎಂದು ನಾನು ಹೇಳುವುದಿಲ್ಲ, ಕ್ಲಬ್ಬುಗಳಿಗೂ ಲೆಕ್ಕಾಚಾರವಿದೆ. ಆದರೆ ಬಡ್ತಿಯ ಹಣವನ್ನು ದುಡಿದುಕೊಟ್ಟವನಿಗೆ ‘ಸಾಲದವನು’ ಎಂಬ ಪಟ್ಟ ಕಟ್ಟುವಾಗ ಆ ಲೆಕ್ಕವನ್ನೂ ಬರೆಯಬೇಕಲ್ಲವೇ?

ಇಷ್ಟಕ್ಕೂ ಎರಡನೇ ಲೀಗ್ ಎಂದರೆ ಏನೆಂದು ತಿಳಿದಿದ್ದೇವೆ? 18 ತಂಡ, 34 ಪಂದ್ಯ. ಶಾಲ್ಕೆಯ ಕ್ರೀಡಾಂಗಣದಲ್ಲಿ 60 ಸಾವಿರಕ್ಕೂ ಹೆಚ್ಚು ಜನ ಕೂರಬಹುದು, ನಿಲ್ಲಬಹುದು. ನಮ್ಮಲ್ಲಿ ರಾತ್ರಿ ನಿದ್ದೆಗೆಟ್ಟು ಬಯರ್ನ್ ಪಂದ್ಯ ನೋಡಿ, ಬೆಳಿಗ್ಗೆ ಕಾಲೇಜಿನಲ್ಲಿ ‘ಸೆಕೆಂಡ್ ಡಿವಿಷನ್’ ಎಂದು ಮೂಗು ಮುರಿಯುವ ಗೆಳೆಯರು ಆ ಗದ್ದಲದ ಮಧ್ಯೆ ಒಂದು ಪೆನಾಲ್ಟಿ ಹೊಡೆಯುವುದನ್ನು ಊಹಿಸಿಕೊಳ್ಳಲಿ. (ಸಾಹಿತ್ಯದಲ್ಲೂ ಇದೇ ಚಾಳಿ: ‘ಎರಡನೇ ಸಾಲಿನ ಲೇಖಕ’ ಎಂದುಬಿಟ್ಟರೆ ಪುಸ್ತಕ ಓದುವ ಶ್ರಮ ಉಳಿಯಿತು.)

ಅಂಥ ಪೆನಾಲ್ಟಿಯನ್ನು ಟೆರೊಡ್ಡೆ 2022ರ ಮೇ 7ರಂದು ಹೊಡೆದ. ಸೇಂಟ್ ಪೌಲಿ ವಿರುದ್ಧ ಶಾಲ್ಕೆ ತನ್ನದೇ ಅಂಗಳದಲ್ಲಿ 0-2 ಹಿಂದೆ. ಗೆದ್ದರೆ ಬಡ್ತಿ. ವಿರಾಮದ ನಂತರ ಮೊದಲು ಆ ಪೆನಾಲ್ಟಿ, ಆಮೇಲೆ ಇನ್ನೊಂದು ಗೋಲು, ಎರಡೂ ಅವನವೇ. ಮೂರನೆಯದನ್ನು ರೋಡ್ರಿಗೋ ಸಲಸಾರ್ ಹೊಡೆದ. 3-2. ಜನ ಮೈದಾನಕ್ಕೆ ನುಗ್ಗಿದರು.

ಆ ಜನರಲ್ಲಿ ಯಾರಾದರೂ ಅವನನ್ನು ಅನುಕಂಪದಿಂದ ನೋಡಿದ್ದರೆ ತೋರಿಸಿ. ಒಂದು ಊರಿನ ಒಂದು ವರ್ಷವನ್ನು ಹೆಗಲ ಮೇಲೆ ಹೊತ್ತು ಗುರಿ ಮುಟ್ಟಿಸುವುದು ಅವನ ಕಸುಬು, ಅದನ್ನು ಸ್ಟುಟ್‌ಗಾರ್ಟ್, ಕಲೋನ್, ಶಾಲ್ಕೆ ಮೂರಕ್ಕೂ ಮಾಡಿಕೊಟ್ಟ. ಹ್ಯಾಂಬರ್ಗ್‌ನಲ್ಲಿ 24 ಗೋಲು ಹೊಡೆದರೂ ತಂಡ ನಾಲ್ಕನೇ ಸ್ಥಾನದಲ್ಲೇ ಉಳಿಯಿತು; ಹನ್ನೊಂದು ಜನರ ಆಟದಲ್ಲಿ ಹಾಗೂ ಆಗುತ್ತದೆ. ಮೇಲಿನ ಲೀಗಿನ ಮುಂಚೂಣಿ ಆಟಗಾರರಲ್ಲಿ ಎಷ್ಟು ಜನ ಹೀಗೆ ಸೋತು ಕೆಳಗಿಳಿದ ಊರಿಗೆ ಹೋಗಿ, ಪ್ರತಿ ಬಾರಿ ಹೊಸದಾಗಿ ಶುರುಮಾಡಿ, ಮತ್ತೆ ಗೋಲು ತಂದಿದ್ದಾರೆ? ಅವರನ್ನು ಹಾಗೆ ಯಾರೂ ಪರೀಕ್ಷಿಸುವುದೇ ಇಲ್ಲ.

ಶಾಲ್ಕೆ 2023ರಲ್ಲಿ ಪುನಃ ಕೆಳಗೆ ಬಂತು. 35 ದಾಟಿದ್ದ ಟೆರೊಡ್ಡೆ ಇನ್ನೊಂದು ವರ್ಷ ಅದೇ ಎರಡನೇ ಲೀಗಿನಲ್ಲಿ, ಅದೇ ಕ್ಲಬ್ಬಿಗೆ ಆಡಿ 2024ರಲ್ಲಿ ಬೂಟು ಬಿಚ್ಚಿದ.