ಬಂಡೆ ಕನ್ನಡದ್ದು, ಯಂತ್ರ ಕನ್ನಡ ನೆಲದ್ದು, ಲಿವರ್ ಹಿಡಿದ ಕೈ ಯಾರದು?



ನೀವು ದಿನಾ ಓಡಾಡುವ ಮೇಲ್ಸೇತುವೆ, ನೀವು ನೇತಾಡಿಕೊಂಡು ಹೋಗುವ ಮೆಟ್ರೋ ರೈಲಿನ ಕಂಬ, ಬಾಡಿಗೆ ಕೊಟ್ಟು ಮಲಗುವ ರೂಮಿನ ತಾರಸಿ, ಇವಕ್ಕೆಲ್ಲ ಬೇಕಾದ ಜಲ್ಲಿ ಎಲ್ಲಿಂದ ಬಂತು ಎಂದು ಎಂದಾದರೂ ಕೇಳಿಕೊಂಡಿದ್ದೀರಾ? ಅದೇನು ಆಕಾಶದಿಂದ ಉದುರಿದ್ದಲ್ಲ. ಚಿಕ್ಕಬಳ್ಳಾಪುರದ ಗುಡ್ಡ ಒಡೆದು ಬಂತು. ಮಾಲೂರು, ಆನೇಕಲ್, ಕನಕಪುರದ ಕಡೆಯ ಬಂಡೆ ಸಿಡಿದು ಬಂತು. ಗುಡ್ಡ ನಮ್ಮದು. ಸಿಡಿಮದ್ದಿಗೆ ಬಿರುಕು ಬಿಟ್ಟ ಗೋಡೆ ನಮ್ಮ ಹಳ್ಳಿಯದು. ಧೂಳು ಕೂತು ಬೆಳ್ಳಗಾಗುವ ರಾಗಿ ಹೊಲ ನಮ್ಮ ರೈತನದು. ಸರಿ, ಆ ಕ್ವಾರಿಯೊಳಗೆ ಯಂತ್ರದ ಮೇಲೆ ಕೂತು ತಿಂಗಳ ಸಂಬಳ ಎಣಿಸುವ ಕೈ ಯಾರದು? ಅಲ್ಲಿಗೆ ಬಂದಾಗ ಮಾತ್ರ ನಾವು ಕಾಣೆ!

ಕೆಂಪು-ಹಳದಿ ಶಾಲು ಹೊದ್ದು ಬೋರ್ಡಿಗೆ ಮಸಿ ಬಳಿಯುವ ಹೋರಾಟ ಗೊತ್ತು. ಬ್ಯಾಂಕಿನಲ್ಲಿ ಕನ್ನಡ ಬೇಕು, ರೈಲ್ವೆ ಪರೀಕ್ಷೆ ಕನ್ನಡದಲ್ಲಿ ಬೇಕು ಎಂಬ ಹೋರಾಟ ಗೊತ್ತು. ಎಲ್ಲವೂ ಬೇಕು, ನಾನು ಬೇಡ ಎನ್ನುವವನಲ್ಲ. ಆದರೆ ನಮ್ಮ ಹೋರಾಟದ ಕಣ್ಣು ಯಾಕೋ ಊರೊಳಗಿನ ಗಾಜಿನ ಕಟ್ಟಡ ದಾಟಿ ಆಚೆ ಹೋಗುತ್ತಿಲ್ಲ. ಊರಾಚೆ ಕಲ್ಲುಗಣಿಯ ಗುಂಡಿಯಲ್ಲಿ ಕನ್ನಡ ಸೋತು ಬಿದ್ದಿರುವುದು ಯಾರ ಲೆಕ್ಕಕ್ಕೂ ಬಂದಿಲ್ಲ. ಇವತ್ತು ಅದನ್ನೇ ಬರೆಯುತ್ತೇನೆ.

ನಾನು ಪ್ರೆಸ್ ಇಟ್ಟುಕೊಂಡವನು. ಕ್ರಷರ್‌ಗಳಿಗೆ ಬಿಲ್ ಪುಸ್ತಕ, ಟ್ರಿಪ್ ಶೀಟು, ಡೀಸೆಲ್ ಚೀಟಿ ಅಚ್ಚು ಹಾಕಿಕೊಡುತ್ತೇನೆ. ಬಾಕಿ ವಸೂಲಿಗೆ ಹೋದರೆ ಧಣಿಗಳು ಒಂದು ಗಂಟೆಯಾದರೂ ಕಾಯಿಸದೆ ಬಿಡುವುದಿಲ್ಲ. ಆ ಗಂಟೆಗಳಲ್ಲಿ ಟೀ ಹೀರುತ್ತಾ ಲೋಡರ್ ನೋಡುತ್ತಾ ನಿಂತಿದ್ದೇನೆ.

ಲೋಡರ್ ಎಂದರೆ ಮುಂದೆ ದೊಡ್ಡ ಬಕೆಟ್ ಹೊತ್ತು, ಆಳೆತ್ತರದ ನಾಲ್ಕು ಟಯರಿನ ಮೇಲೆ ನಿಂತು, ನಡು ಮುರಿದಂತೆ ಬಾಗಿ ತಿರುಗುವ ಹಳದಿ ಯಂತ್ರ. ನಮ್ಮ ಜನ ಹಳದಿ ಬಣ್ಣದ್ದಕ್ಕೆಲ್ಲ 'ಜೆಸಿಬಿ' ಎನ್ನುತ್ತಾರೆ. ಅದು ಇಂಗ್ಲೆಂಡಿನ ಒಬ್ಬ ಕಂಪನಿ ಮಾಲೀಕನ ಹೆಸರಿನ ಮೊದಲಕ್ಷರಗಳು ಅಷ್ಟೆ. ಮಣ್ಣು ಅಗೆಯುವ ಯಂತ್ರಕ್ಕೆಲ್ಲ 'ಹಿಟಾಚಿ'. ಅದೂ ಒಂದು ಜಪಾನಿ ಕಂಪನಿ. ಹೆಸರು ಪರದೇಶದ್ದಾದರೂ ಯಂತ್ರ ಹುಟ್ಟುವುದು ಎಲ್ಲಿ ಗೊತ್ತೇ? 1964ರಲ್ಲಿ ಆರಂಭವಾದ ಬಿಇಎಂಎಲ್ ಕೆಜಿಎಫ್‌ನಲ್ಲಿ ಬುಲ್ಡೋಜರ್, ಲೋಡರ್ ತಯಾರಿಸುತ್ತದೆ. ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲಿದೆ. ವೋಲ್ವೋ ಕಂಪನಿಯ ಇಂಥ ಯಂತ್ರಗಳ ಕಾರ್ಖಾನೆ ನಮ್ಮ ಪೀಣ್ಯದಲ್ಲೇ ಇದೆ. ದೇಶಕ್ಕೆಲ್ಲ ಯಂತ್ರ ಕಟ್ಟಿಕೊಡುವ ನಾಡು ಅದನ್ನು ಓಡಿಸಲು ಸಾವಿರ ಮೈಲಿ ಆಚೆಯಿಂದ ಆಳು ಕರೆಸಬೇಕೆ?

'ಅದೇನು ಮಹಾ ವಿದ್ಯೆ, ಲಿವರ್ ಎಳೆದರೆ ಬಕೆಟ್ ಏಳುತ್ತದೆ' ಎಂದು ಮೂಗು ಮುರಿಯಬೇಡಿ. ನಾನೂ ಕಣ್ಣಲ್ಲಿ ಕಂಡೇ ಒಪ್ಪಿದವನು. ಬಲ್ಲ ಆಪರೇಟರ್ ಬೆಳಗ್ಗೆ ಬಂದವನೇ ಕೀಲಿ ತಿರುಗಿಸುವುದಿಲ್ಲ. ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ. ಎಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್, ರೇಡಿಯೇಟರ್ ನೀರು ನೋಡುತ್ತಾನೆ. ಪೈಪಿನ ಬಾಯಲ್ಲಿ ಎಣ್ಣೆ ಜಿನುಗಿದೆಯಾ, ಟಯರಿಗೆ ಕಲ್ಲಿನ ಅಲಗು ಕೊಯ್ದಿದೆಯಾ, ಯಂತ್ರದ ಕೆಳಗೆ ಯಾರಾದರೂ ಮಲಗಿದ್ದಾರಾ ಎಂದು ಬಗ್ಗಿ ನೋಡುತ್ತಾನೆ. ಹೌದು, ನೆರಳಿಗೆಂದು ಮಲಗುವವರಿದ್ದಾರೆ! ಆಮೇಲೆ ಮೆಟ್ಟಿಲಿಗೆ ಮುಖ ಮಾಡಿ, ಎರಡು ಕೈ ಎರಡು ಕಾಲಿನಲ್ಲಿ ಯಾವುದಾದರೂ ಮೂರು ಸದಾ ಹಿಡಿತದಲ್ಲಿರುವಂತೆ ಹತ್ತುತ್ತಾನೆ. ಬ್ರೇಕ್ ಒತ್ತಿ ಪರೀಕ್ಷಿಸಿ, ಹಾರ್ನ್ ಹೊಡೆದ ಮೇಲೆಯೇ ಹೊರಡುತ್ತಾನೆ.

ರಾಶಿಗೆ ನುಗ್ಗುವುದರಲ್ಲೂ ಲೆಕ್ಕವಿದೆ. ಬಕೆಟಿನ ತುಟಿ ನೆಲಕ್ಕೆ ಸಮವಾಗಿರಬೇಕು, ಯಂತ್ರ ನೆಟ್ಟಗಿರಬೇಕು, ಮೊದಲ ಗೇರ್ ಸಾಕು. ತುಟಿ ರಾಶಿಗೆ ಹೊಕ್ಕ ಕೂಡಲೇ ಬಕೆಟನ್ನು ತುಸು ಎತ್ತಿದರೆ ಭಾರ ಮುಂದಿನ ಟಯರಿನ ಮೇಲೆ ಕೂರುತ್ತದೆ, ಟಯರ್ ಜಾರುವುದಿಲ್ಲ. ಹೊಸಬ ಆಕ್ಸಿಲರೇಟರ್ ಒತ್ತುತ್ತಾ ಟಯರ್ ಗರಗರ ಸುತ್ತಿಸುತ್ತಾನೆ, ಚೂಪು ಕಲ್ಲಿನ ಮೇಲೆ ರಬ್ಬರ್ ಹೋಳು ಹೋಳಾಗುತ್ತದೆ. ಆ ಟಯರಿನ ಬೆಲೆ ಕೇಳಿದರೆ ನಿಮ್ಮ ಬೈಕು ನಾಚಿಕೊಂಡೀತು. ತುಂಬಿದ ಮೇಲೆ ಬಕೆಟ್ ಒಳಕ್ಕೆ ಮಡಿಚಿ ಹಿಂದಕ್ಕೆ ಬಂದು, ಓರೆಯಾಗಿ ನಿಂತ ಟಿಪ್ಪರಿನ ಕಡೆ ತಿರುಗಬೇಕು. ಈ ಓಡಾಟವನ್ನು ಇಂಗ್ಲಿಷಿನ 'ವಿ' ಅಕ್ಷರಕ್ಕೆ ಹೋಲಿಸುತ್ತಾರೆ. ನನಗೆ ಕಂಡದ್ದು ನಮ್ಮ ಕನ್ನಡ ಅಕ್ಷರದ ತಲಕಟ್ಟು! ಹೋಗುವಾಗ ಬಕೆಟ್ ನೆಲದಿಂದ ಒಂದು ಮೊಳದೊಳಗೆ ಇರಬೇಕು. ಒಂದು ಘನ ಮೀಟರ್ ಜಲ್ಲಿ ಸುಮಾರು ಒಂದೂವರೆ ಟನ್ ತೂಗುತ್ತದೆ. ಮೂರು ಘನ ಮೀಟರ್ ಬಕೆಟ್ ಎಂದರೆ ನಾಲ್ಕೂವರೆ ಟನ್. ಅಷ್ಟು ಭಾರವನ್ನು ತಲೆಯೆತ್ತರಕ್ಕೆ ಎತ್ತಿಕೊಂಡು ಇಳಿಜಾರಿನಲ್ಲಿ ತಿರುಗಿಸಿದರೆ ಯಂತ್ರ ಮಗ್ಗುಲಾಗುವುದಕ್ಕೆ ಎಷ್ಟು ಹೊತ್ತು? ಮಗ್ಗುಲಾಗುವಾಗ ಗಾಬರಿಯಿಂದ ಹಾರಿದವನ ಮೇಲೆಯೇ ಅದು ಬೀಳುತ್ತದೆ. ಬೆಲ್ಟ್ ಕಟ್ಟಿಕೊಂಡು ಸೀಟಿನಲ್ಲೇ ಕೂತವನು ಬದುಕುತ್ತಾನೆ. ಇದನ್ನು ಮೊದಲೇ ಅವನ ಕಿವಿಗೆ ಹಾಕಿದವರು ಇರಬೇಕಲ್ಲ! ಯಾವ ಭಾಷೆಯಲ್ಲಿ ಹಾಕಬೇಕು?

ಇನ್ನೊಂದು ಯಮಪಾಶವಿದೆ. ರಾಶಿಯ ಬುಡವನ್ನೇ ಕೊರೆಯುತ್ತಾ ಹೋದರೆ ಮೇಲ್ಭಾಗ ಸೂರಿನಂತೆ ನಿಂತಿರುತ್ತದೆ, ಆಮೇಲೆ ಒಂದೇ ಸಲಕ್ಕೆ ಕುಸಿಯುತ್ತದೆ. ಬಕೆಟ್ ಮುಟ್ಟುವ ಎತ್ತರಕ್ಕಿಂತ ಮೇಲೆ ರಾಶಿಯನ್ನು ಕಡಿದಾಗಿ ನಿಲ್ಲಿಸಬಾರದು. ನಡು ಬಾಗುವ ಜಾಗ ಮತ್ತೊಂದು. ಗ್ರೀಸ್ ಹಚ್ಚಲು ಹೆಲ್ಪರ್ ಅಲ್ಲಿಗೆ ಕೈ ತೂರಿಸಿರುವಾಗ ಮೇಲಿದ್ದವನು ಸ್ಟಿಯರಿಂಗ್ ಮುಟ್ಟಿದರೆ ಮುಗಿಯಿತು. ಅದಕ್ಕೆಂದೇ ಒಂದು ಬೀಗದ ಸಲಾಕೆ ಇರುತ್ತದೆ, ಅದನ್ನು ಹಾಕಿಯೇ ಕೆಲಸ ಮಾಡಬೇಕು. ಅದರ ಪಕ್ಕದಲ್ಲೊಂದು ಚೀಟಿಯೂ ಅಂಟಿರುತ್ತದೆ. ನಾನು ನೋಡಿದ ಯಂತ್ರಗಳಲ್ಲಿ ಆ ಚೀಟಿ ಇಂಗ್ಲಿಷಿನಲ್ಲಿತ್ತು. ಎರಡರಲ್ಲಿ ಹಿಂದಿಯೂ ಇತ್ತು. ಕನ್ನಡ ಒಂದರಲ್ಲೂ ಇರಲಿಲ್ಲ. ಗ್ರೀಸ್ ಹಚ್ಚುತ್ತಿದ್ದ ಹುಡುಗ ಪಕ್ಕದ ಹಳ್ಳಿಯವನು, ಏಳನೇ ಕ್ಲಾಸು, ಕನ್ನಡ ಮಾತ್ರ ಬಲ್ಲವನು.

ಈಗ ನೌಕರಿಯ ಮಾತು. ನಾನು ಹೋಗುವ ಕ್ರಷರ್‌ಗಳಲ್ಲಿ ಲೋಡರ್ ಮೇಲೆ ಕೂತವರು ಹೆಚ್ಚಿನಂಶ ಬಿಹಾರ, ಜಾರ್ಖಂಡ್, ಒಡಿಶಾದ ಹುಡುಗರು. ನಮ್ಮ ಹುಡುಗರು ಇದ್ದಾರೆ, ಗೇಟಿನ ಬಳಿ ವಾಚ್‌ಮನ್ ಆಗಿ, ತೂಕದ ಸೇತುವೆಯಲ್ಲಿ ಚೀಟಿ ಬರೆಯುವವರಾಗಿ. ಹೊರಗಿನ ಹುಡುಗರ ಮೇಲೆ ನನಗೆ ಕೋಪವಿಲ್ಲ. ತಗಡಿನ ಶೆಡ್ಡಿನಲ್ಲಿ ಹತ್ತು ಜನ ಮಲಗಿ, ಹನ್ನೆರಡು ಗಂಟೆ ದುಡಿದು ಊರಿಗೆ ಹಣ ಕಳಿಸುವವನನ್ನು ಹೊಡೆದು ಓಡಿಸಿದರೆ ಕನ್ನಡ ಉದ್ಧಾರವಾಗುತ್ತದೆ ಎನ್ನುವವರ ಜೊತೆ ನಾನು ಇಲ್ಲ. ಕೋಪ ಮಾಡಬೇಕಾದ್ದು ಧಣಿಯ ಮೇಲೆ. ಅವನಿಗೆ ಬೇಕಿರುವುದು ಕೆಲಸಗಾರನಲ್ಲ, ಹಬ್ಬಕ್ಕೆ ಊರಿಗೆ ಹೋಗದ, ಪಿಎಫ್ ಕೇಳದ, ಪಂಚಾಯಿತಿ ಸದಸ್ಯನನ್ನು ಕರೆದುಕೊಂಡು ಬಂದು ಜಗಳ ಆಡದ ಆಳು. ಊರಿನ ಹುಡುಗನಿಗೆ ಬಾಯಿ ಇದೆ. ಅಪ್ಪ, ಚಿಕ್ಕಪ್ಪ, ಸಂಘ ಇದೆ. ಸತ್ತರೆ ಹೆಣ ಇಟ್ಟುಕೊಂಡು ಗೇಟಿನ ಮುಂದೆ ಕೂರುತ್ತಾರೆ. ಅದಕ್ಕೇ ಅವನು ಬೇಡ!

ಆದರೆ ತಪ್ಪೆಲ್ಲ ಧಣಿಯದೇ ಎಂದರೆ ನಾನು ಸುಳ್ಳು ಹೇಳಿದಂತೆ. ಈ ವಿದ್ಯೆ ಶಾಲೆಯಲ್ಲಿ ಬರುವುದಿಲ್ಲ. ಹೆಲ್ಪರ್ ಆಗಿ ಸೇರಬೇಕು, ಯಂತ್ರ ತೊಳೆಯಬೇಕು, ಗ್ರೀಸ್ ಹಚ್ಚಬೇಕು. ಆಪರೇಟರ್ ಊಟಕ್ಕೆ ಕೂತಾಗ 'ಭೈಯ್ಯಾ, ಎರಡು ಬಕೆಟ್ ನಾನು ಎತ್ತಲಾ' ಎಂದು ಕಾಡಿ ಬೇಡಿ ಕಲಿಯಬೇಕು. ಅಲ್ಲಿನ ಮಾವ ತನ್ನ ಅಳಿಯನನ್ನು ಕರೆತಂದು ಹೀಗೆ ಕಲಿಸುತ್ತಾನೆ, ಅಳಿಯ ತಮ್ಮನನ್ನು ಕರೆಸುತ್ತಾನೆ. ವಿದ್ಯೆ ಅವರ ಭಾಷೆಯಲ್ಲೇ ಕೈಯಿಂದ ಕೈಗೆ ಹೋಗುತ್ತದೆ. ನಮ್ಮಲ್ಲಿ? ಪಿಯುಸಿ ಮುಗಿಸಿದ ಹುಡುಗ ಧೂಳಿನ ಕೆಲಸ ಎಂದ ಕೂಡಲೇ ಮುಖ ತಿರುಗಿಸಿ, ಮೊಬೈಲ್ ಹಿಡಿದು ಊಟದ ಡಬ್ಬಿ ಹೊತ್ತು ಸಿಗ್ನಲ್ ಜಿಗಿಯುತ್ತಾನೆ. ಲೋಡರ್ ಕಲಿತವನ ಕೈಯಲ್ಲಿ ಒಂದು ಕಸುಬಿರುತ್ತದೆ. ಕ್ರಷರ್ ಬಿಟ್ಟರೆ ರೆಡಿಮಿಕ್ಸ್ ಘಟಕ, ಅದು ಬಿಟ್ಟರೆ ಬಂದರು, ಅದೂ ಬಿಟ್ಟರೆ ಬಳ್ಳಾರಿಯ ಅದಿರು ಗಣಿ.

ಧೂಳಿನ ಭಯ ಸುಳ್ಳಲ್ಲ. ನಮ್ಮ ಕಡೆಯ ಗ್ರಾನೈಟ್ ಬಂಡೆಯ ಧೂಳಿನಲ್ಲಿ ಸಿಲಿಕಾ ಇದೆ. ಅದು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದನ್ನು ವಾಸಿ ಮಾಡುವ ಮದ್ದಿಲ್ಲ. ನೀರು ಚಿಮುಕಿಸಬೇಕು, ಕ್ಯಾಬಿನ್ ಬಾಗಿಲು ಮುಚ್ಚಿರಬೇಕು, ಒಳ್ಳೆ ಮಾಸ್ಕ್ ಕೊಡಬೇಕು. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಇದನ್ನು ಕೇಳಿ ಪಡೆಯುವವನು ಬೇಕು. ಕೇಳುವುದಕ್ಕೆ ಭಾಷೆ ಬೇಕು.

ಕಲ್ಲುಗಣಿಯ ಸಾವು ಅಪರೂಪವೇ? 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿದು ಸುತ್ತಲ ಊರುಗಳು ನಡುಗಿದವು. ಮರು ತಿಂಗಳೇ, ಫೆಬ್ರವರಿಯಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆಯ ಮಡಹಳ್ಳಿ ಗುಡ್ಡದಲ್ಲಿ ಬಂಡೆ ಕುಸಿದು ಕೆಲಸಗಾರರೂ ಯಂತ್ರಗಳೂ ಅಡಿಯಲ್ಲಿ ಸಿಕ್ಕಿಕೊಂಡವು. ಇವು ಪೇಪರಿಗೆ ಬಂದವು. ಲೋಡರ್ ಹಿಂದಕ್ಕೆ ಬರುವಾಗ ಚಕ್ರಕ್ಕೆ ಸಿಕ್ಕವನ ಸುದ್ದಿ ತಾಲ್ಲೂಕು ಪುಟದ ಮೂಲೆಯಲ್ಲಿ ಎರಡು ಸಾಲು.

ಒಬ್ಬ ಕ್ರಷರ್ ಮಾಲೀಕ, ಹೆಸರು ಬೇಡ, ಸುರಕ್ಷತಾ ಫಲಕ ಅಚ್ಚು ಹಾಕಿಸಲು ನನ್ನ ಬಳಿ ಬಂದಿದ್ದ. ಇನ್‌ಸ್ಪೆಕ್ಷನ್ ಇದೆ, ನಾಳೆಯೇ ಬೇಕು ಎಂದ. ಅವನು ತಂದ ಪ್ರತಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. 'ಕನ್ನಡ?' ಎಂದೆ. 'ಸಾಹೇಬರಿಗೆ ಇಂಗ್ಲಿಷ್, ಆಳುಗಳಿಗೆ ಹಿಂದಿ, ಕನ್ನಡ ಯಾರಿಗೆ ಸಾರ್?' ಎಂದ. ಮಾತೃಭಾಷೆ ಕನ್ನಡದವನೇ! ಅವನ ಲೆಕ್ಕದಲ್ಲಿ ಟಿಪ್ಪರ್ ಡ್ರೈವರ್ ಇಲ್ಲ, ಗ್ರೀಸ್ ಹುಡುಗ ಇಲ್ಲ, ಕುರಿ ಹೊಡೆದುಕೊಂಡು ಆ ದಾರಿಯಲ್ಲೇ ಹೋಗುವ ಅಜ್ಜ ಇಲ್ಲ. ಕೊನೆಗೆ ಜೋಡಣೆಗೆ ದುಡ್ಡು ತೆಗೆದುಕೊಳ್ಳದೆ ಕನ್ನಡದ ಸಾಲುಗಳನ್ನು ಎಲ್ಲಕ್ಕೂ ಮೇಲೆ ಹಾಕಿಕೊಟ್ಟೆ. ಆ ಫಲಕ ಈಗಲೂ ಗೇಟಿನ ಬಳಿ ಇದೆ.

ಕಾನೂನು ಇಲ್ಲವೆಂದಲ್ಲ. ಗಣಿಯ ಬಳಿ ಕಾಯ್ದೆಯ ಸಾರಾಂಶವನ್ನು ಇಂಗ್ಲಿಷಿನ ಜೊತೆಗೆ ನಿಗದಿಪಡಿಸಿದ ಬೇರೆ ಭಾಷೆಯಲ್ಲೂ ತೂಗುಹಾಕಬೇಕೆಂದು 1952ರ ಗಣಿ ಕಾಯ್ದೆಯೇ ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಸುರಕ್ಷತಾ ಸಂಹಿತೆ ಬಂದಿದೆ, 2025ರ ನವೆಂಬರಿನಿಂದ ಜಾರಿ. ನಮ್ಮ ರಾಜ್ಯದ್ದೇ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇದೆ. ಅದರಡಿಯಲ್ಲಿ 2025ರ ಫೆಬ್ರವರಿಯಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು: ರಾಜ್ಯದಲ್ಲಿ ತಯಾರಾಗುವ ಕೈಗಾರಿಕಾ ಉತ್ಪನ್ನ, ಗ್ರಾಹಕ ಉತ್ಪನ್ನ ಎರಡರ ಮೇಲೂ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕು. ನಾವೆಲ್ಲ ಸೋಪು, ಬಿಸ್ಕತ್ತಿನ ಪೊಟ್ಟಣ ಎಂದುಕೊಂಡು ಚಪ್ಪಾಳೆ ತಟ್ಟಿದೆವು. 'ಕೈಗಾರಿಕಾ ಉತ್ಪನ್ನ' ಎಂಬ ಪದ ಯಾರ ಕಣ್ಣಿಗೂ ಬೀಳಲಿಲ್ಲವೇ? ಇಪ್ಪತ್ತು ಟನ್ನಿನ ಲೋಡರ್ ಉತ್ಪನ್ನವಲ್ಲವೇ? ಬಿಸ್ಕತ್ತಿನ ಪೊಟ್ಟಣದ ಮೇಲೆ ಕನ್ನಡ ಇಲ್ಲದಿದ್ದರೆ ಯಾರ ಕೈಯೂ ಕತ್ತರಿಸಿಹೋಗುವುದಿಲ್ಲ!

ಉದ್ಯೋಗದ ಕಥೆ ಇನ್ನೂ ಹಳೆಯದು. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಿತು. ಅದರ ಹೆಸರು ಕೂಗುತ್ತಲೇ ಎರಡು ತಲೆಮಾರು ನೆರೆ ಬಿಳಿಸಿಕೊಂಡಿತು. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮಿಗಳು ಹುಬ್ಬು ಗಂಟಿಕ್ಕಿದ ಕೂಡಲೇ ತಡೆಹಿಡಿಯಿತು. ಮಸೂದೆ ಬರಲಿ, ಬೇಡ ಎನ್ನುವುದಿಲ್ಲ. ಆದರೆ ನಾಳೆ ಬೆಳಗ್ಗೆಯೇ ಅದು ಜಾರಿಯಾಗಿ, ಧಣಿ ಬಂದು 'ಕೊಡಿ ಸ್ವಾಮಿ, ಲೋಡರ್ ಓಡಿಸುವ ಹತ್ತು ಕನ್ನಡದ ಹುಡುಗರನ್ನು' ಎಂದರೆ ನಮ್ಮ ಸಂಘಗಳ ಬಳಿ ಹತ್ತು ಹೆಸರು ಇದೆಯೇ?

ಆದ್ದರಿಂದ ನಿಮ್ಮಿಂದ ಎರಡು ಕೆಲಸ ಆಗಬೇಕು. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ತರಿಸುವ ಸಂಘಗಳು ಆ ಖರ್ಚಿನ ಒಂದು ಪಾಲು ಎತ್ತಿಟ್ಟು, ತಾಲ್ಲೂಕಿಗೆ ಇಬ್ಬರಂತೆ ಹುಡುಗರನ್ನು ಆಪರೇಟರ್ ತರಬೇತಿಗೆ ಕಳಿಸಲಿ, ಲೈಸೆನ್ಸ್ ಮಾಡಿಸಿಕೊಡಲಿ. ಎರಡನೆಯದು, ಯಂತ್ರ ಕಟ್ಟುವ ಕಾರ್ಖಾನೆಗಳಿಗೂ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಪತ್ರ ಬರೆಯಿರಿ: ಕರ್ನಾಟಕದಲ್ಲಿ ತಯಾರಾದ ಯಂತ್ರದೊಳಗಿನ ಎಚ್ಚರಿಕೆ ಚೀಟಿ, ಕೈಪಿಡಿ ಎರಡೂ ಕನ್ನಡದಲ್ಲಿ ಬೇಕು. ಸಾವಿರ ಪತ್ರ ಹೋದರೆ ಕಸದ ಬುಟ್ಟಿಗೂ ಭಾರವಾಗುತ್ತದೆ.

ಅವರು ಮಾಡುವವರೆಗೂ ಕಾಯುವುದು ಬೇಡ. ಅಂಗೈ ಅಗಲದ ಕಾರ್ಡು ನಾನು ಜೋಡಿಸಿ ಇಟ್ಟಿದ್ದೇನೆ. 'ಹತ್ತುವ ಮುನ್ನ ಸುತ್ತ ನೋಡು. ಬಕೆಟ್ ತಗ್ಗಿಸಿ ಓಡಿಸು. ಎತ್ತಿದ ಬಕೆಟಿನ ಕೆಳಗೆ ಯಾರೂ ನಿಲ್ಲಬೇಡಿ. ಟಿಪ್ಪರ್ ಕ್ಯಾಬಿನ್ ಮೇಲೆ ಬಕೆಟ್ ಹಾಯಿಸಬೇಡ. ಬುಡ ಕೊರೆಯಬೇಡ. ಬೀಗದ ಸಲಾಕೆ ಹಾಕದೆ ನಡುವಿಗೆ ಕೈ ಇಡಬೇಡ. ನಿಲ್ಲಿಸಿದ ಮೇಲೆ ಬಕೆಟ್ ನೆಲಕ್ಕೆ, ಬ್ರೇಕ್ ಬಿಗಿ, ಕೀಲಿ ಜೇಬಿಗೆ.' ಇಷ್ಟೇ. ಹಿಂಬದಿಯಲ್ಲಿ ಇದೇ ಮಾತು ಹಿಂದಿಯಲ್ಲಿ ಹಾಕಿದ್ದೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಹಿಂದಿ ಹೇರಿಕೆ ಬೇರೆ, ಲೋಡರ್ ಅಡಿಗೆ ಸಿಗುವ ಹುಡುಗನಿಗೆ ಅವನ ಮಾತಿನಲ್ಲಿ ಎಚ್ಚರಿಕೆ ಹೇಳುವುದು ಬೇರೆ. ಮುಂಬದಿ ಕನ್ನಡ, ಅದರಲ್ಲಿ ರಾಜಿಯಿಲ್ಲ.

ಎಷ್ಟು ಕಾರ್ಡು ಬೇಕು, ಯಾವ ಕ್ವಾರಿಗೆ ಎಂದು ನಿಮ್ಮ ಸಂಘದ ಶಾಖೆಯಲ್ಲಿ ಬರೆಸಿ. ಅಚ್ಚಿನ ಖರ್ಚು ನನ್ನದು, ಕಾಗದದ್ದು ನಿಮ್ಮದು. ಲ್ಯಾಮಿನೇಷನ್ ಮಾತ್ರ ಮರೆಯಬೇಡಿ, ಕ್ರಷರ್ ಧೂಳಿನಲ್ಲಿ ಬರಿಯ ಕಾಗದ ಒಂದು ವಾರವೂ ಬಾಳುವುದಿಲ್ಲ.