ರೋಸಿಗೆ ಹಳದಿ ಸೀರೆಯೇ ಆಗಬೇಕೆ?

ಈಸ್ಟರ್ ಕಳೆಯಿತೆಂದರೆ ನಮ್ಮ ಮನೆಯ ಕಪಾಟಿನ ಬಾಗಿಲು ಮುಚ್ಚುವುದೇ ಇಲ್ಲ. ತಪಸ್ಸುಕಾಲದಲ್ಲಿ ಸಾಮಾನ್ಯವಾಗಿ ಯಾರೂ ಮದುವೆ ಇಡುವುದಿಲ್ಲ, ಆಗಮನಕಾಲದಲ್ಲೂ ಇಲ್ಲ. ಹಾಗಾಗಿ ಇದ್ದಬದ್ದ ಮದುವೆಗಳೆಲ್ಲ ಒಂದೋ ಕ್ರಿಸ್ಮಸ್ ಕಳೆದ ಕೆಲವು ವಾರಗಳಲ್ಲಿ, ಇಲ್ಲವೇ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಒಟ್ಟಿಗೆ ಬಂದು ಬೀಳುತ್ತವೆ. ಈ ಸಲವೂ ಅದೇ ಕತೆ. ಮೇಜಿನ ಮೇಲೆ ಮೂರು ಕರೆಯೋಲೆ. ಒಂದು ನಮ್ಮ ಕುಟುಂಬದ್ದು, ಒಂದು ಪಕ್ಕದ ಮನೆಯ ಭಟ್ಟರದ್ದು, ಇನ್ನೊಂದು ನಮ್ಮವರ ಅಂಗಡಿಯ ನೆರೆಯ ಹಾಜಿಯವರದ್ದು. ಅದರ ಬೆನ್ನಿಗೇ ವಾಟ್ಸ್‌ಆ್ಯಪಿನಲ್ಲಿ ಇನ್ನೊಂದು ಚೀಟಿ: ರೋಸಿಗೆ ಹಳದಿ, ಇಗರ್ಜಿಗೆ ತಿಳಿ ಬಣ್ಣ, ರೆಸೆಪ್ಶನ್ನಿಗೆ ಕಡುನೀಲಿ, ಮರುದಿನದ ಊಟಕ್ಕೆ ಹಸಿರು.

ಅದನ್ನು ಓದಿ ನಮ್ಮ ಚಿಕ್ಕ ಮಗಳು, "ಮಾಮ್ಮಿ, ನಮ್ಮಲ್ಲಿ ಹಳದಿ ಇದೆಯಲ್ಲ?" ಎಂದಳು. ಇದೆ. ಒಂದಲ್ಲ, ಮೂರು ಇವೆ. ಅವು ಎಲ್ಲಿಂದ ಬಂದವು ಎಂಬುದನ್ನು ಆಮೇಲೆ ಹೇಳುತ್ತೇವೆ. ಮೊದಲು, ಯಾವ ಕಾರ್ಯಕ್ಕೆ ಏನು ಉಡಬೇಕು ಎಂದು ಕೆಲವು ಸಹೋದರಿಯರು ಹಿಂದೊಮ್ಮೆ ಕೇಳಿದ್ದಕ್ಕೆ ನಮಗೆ ತಿಳಿದಷ್ಟು ಬರೆಯುತ್ತೇವೆ.

ರೋಸಿನಿಂದಲೇ ಶುರುಮಾಡೋಣ. ಹೊಸ ಸೀರೆ ಹಾಳಾಗುವುದು ಅಲ್ಲಿಯೇ. ರೊಸ್ ಎಂದರೆ ತೆಂಗಿನಕಾಯಿಯ ಹಾಲು. ಮದುವೆಯ ಮುನ್ನಾದಿನ ಸಂಜೆ ವಧುವನ್ನು ಅವಳ ಮನೆಯಲ್ಲಿ, ವರನನ್ನು ಅವನ ಮನೆಯಲ್ಲಿ ಚಪ್ಪರದಡಿ ಕೂರಿಸಿ, ಹಣೆಗೆ ಶಿಲುಬೆಯ ಗುರುತು ಹಾಕಿ, ತಲೆಗೆ ಎಣ್ಣೆ ಇಟ್ಟು, ಮೈಗೆ ಕಾಯಿಹಾಲು ಹಚ್ಚಿ ಸ್ನಾನಕ್ಕೆ ಕಳಿಸುವುದು. ಕುಮಾರಿತನದ, ಕುಮಾರತನದ ದಿನಗಳಿಗೆ ಅದು ವಿದಾಯ. ಅಂದರೆ ರೋಸ್ ಮೂಲದಲ್ಲಿ ಒಂದು ಸ್ನಾನ. ಸ್ನಾನಕ್ಕೆ ಯಾರಾದರೂ ಜರಿ ಸೀರೆ ಉಡುತ್ತಾರೆಯೇ? ನಮ್ಮ ಮಾಂಯ್‌ಯವರ ಕಾಲದಲ್ಲಿ ವಧುವೇ ಸಾದಾ ಸೀರೆಯಲ್ಲಿ ಕೂರುತ್ತಿದ್ದಳು, ಹಚ್ಚಲು ಬಂದವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬರುತ್ತಿದ್ದರು. ಈಗ ಫೋಟೊದವರು, ವೀಡಿಯೊದವರು ಎದುರಿಗಿರುತ್ತಾರೆ. ಆದ್ದರಿಂದ ಟಿಶ್ಯೂ ಸೀರೆ, ಕಲ್ಲು ಹೊಲಿದ ರವಿಕೆ, ಮೇಲೆ ಸುಗಂಧ. ಕಾಯಿಹಾಲಿನ ಬಟ್ಟಲಿಗೆ ಎರಡು ಬೆರಳ ತುದಿ ಅದ್ದಿ, ವಧುವಿನ ಕೆನ್ನೆಗೆ ತಾಗಿಸಿದ ಹಾಗೆ ಮಾಡಿ ಹಿಂದೆ ಸರಿಯುವುದು. ಸೀರೆಯ ಚಿಂತೆಯಲ್ಲಿ ಆಶೀರ್ವಾದ ಅರ್ಧಕ್ಕೇ ನಿಲ್ಲುತ್ತದೆ.

ರೋಸಿಗೆ ಹತ್ತಿಯೇ ಸರಿ. ತೊಳೆಯಬಹುದಾದ, ಬಣ್ಣ ಬಿಡದ ಹತ್ತಿ. ನಮ್ಮ ಊರಿನದೇ ಕಾಸರಗೋಡು ಸೀರೆ ಇರುವಾಗ ಬೇರೆ ಹುಡುಕುವುದು ಯಾಕೆ? ಶಾಲಿಯ ನೇಕಾರರ ಕೈಮಗ್ಗದ ಈ ಹತ್ತಿ ಸೀರೆಗೆ 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಗಟ್ಟಿ ನೇಯ್ಗೆ, ಒಗೆದರೂ ಮಾಸದ ಬಣ್ಣ. ಕಾಯಿಹಾಲು ಬಿದ್ದರೆ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸಾಬೂನು ಹಾಕಿ. ಮೊದಲೇ ಬಿಸಿನೀರು ಹಾಕಿದರೆ ಕಲೆ ಗಟ್ಟಿಯಾಗುತ್ತದೆ. ಎಣ್ಣೆಯ ಕಲೆಗೆ ಅಂಟುವಾಳದ ನೀರು ಒಳ್ಳೆಯದು. ರೇಷ್ಮೆಗೆ ಬಿದ್ದರೆ ಮಾತ್ರ ನೀವು ಕೈಹಾಕದೆ ಡ್ರೈಕ್ಲೀನಿನವರಿಗೆ ಕೊಡುವುದೇ ಕ್ಷೇಮ. ರೋಸಿನಲ್ಲಿ ಮೊಟ್ಟೆ, ಬಿಯರು, ಬಣ್ಣದ ಪುಡಿ ಎರಚುವ ಹುಡುಗರಿಗೆ ಯಾವ ಬಟ್ಟೆ ಎಂದು ನಮ್ಮನ್ನು ಕೇಳಬೇಡಿ. ಅವರ ಬಟ್ಟೆಯನ್ನು ಅವರೇ ಒಗೆಯಲಿ, ಚಪ್ಪರದ ನೆಲವನ್ನೂ ಅವರೇ ತೊಳೆಯಲಿ.

ಇಗರ್ಜಿಯ ವಿಷಯ ಬೇರೆ. 1917ರ ಹಳೆಯ ಧರ್ಮಸಭೆಯ ಕಾನೂನಿನಲ್ಲಿ ಸ್ತ್ರೀಯರು ತಲೆ ಮುಚ್ಚಿಕೊಂಡು, ಸಭ್ಯ ಉಡುಪಿನಲ್ಲಿ ಇಗರ್ಜಿಗೆ ಬರಬೇಕೆಂದು ಬರೆದೇ ಇತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತು ಇಲ್ಲ. ತಲೆಯ ಮೇಲಿನ ವೇಲು ಹೋಯಿತು, ಹೋಗಲಿ. ಆದರೆ ವಾಚನ ಓದಲು, ಕಾಣಿಕೆ ಒಪ್ಪಿಸಲು ಪೀಠದ ಬಳಿಗೆ ಹೋಗುವವರು ಸ್ವಲ್ಪ ಯೋಚಿಸಬೇಕು. ತೋಳಿಲ್ಲದ ರವಿಕೆ ಹೊಲಿಸಿ ಆಗಿದೆ ಎಂದಾದರೆ ಅದನ್ನು ಬಿಸಾಡಬೇಕಾಗಿಲ್ಲ. ಒಂದು ತೆಳ್ಳನೆಯ ಶಾಲು ಕೈಚೀಲದಲ್ಲಿರಲಿ. ಬಲಿಪೂಜೆಗೆ ಹೊದೆಯಿರಿ, ಹಾಲಿಗೆ ಹೋದ ಮೇಲೆ ತೆಗೆಯಿರಿ. ಬೆಂಚಿನಲ್ಲಿ ಮೊಣಕಾಲೂರುವುದೂ ಇದೆ. ಅಂಗಡಿಯ ಕನ್ನಡಿಯೆದುರು ನಿಂತು ಚಂದ ಕಾಣುವ ಬಿಗಿಯಾದ ಗೌನಿನಲ್ಲಿ ಮೊಣಕಾಲೂರಲು ಆಗುತ್ತದೆಯೋ ಎಂದು ಮನೆಯಲ್ಲೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಬಿಳಿ ಬಣ್ಣವನ್ನು ನಮ್ಮಲ್ಲಿ ವಧುವಿಗೆ ಬಿಟ್ಟುಕೊಡುತ್ತಾರೆ. ಆದರೆ ಇದನ್ನು ಕಟ್ಟಳೆಯಂತೆ ಹಿಡಿದು ಕೂರಬಾರದು. ನಮ್ಮ ಜಿಲ್ಲೆಯ ಪೂರ್ವದ ಗುಡ್ಡಗಾಡಿನಲ್ಲಿ ತಿರುವಾಂಕೂರಿನ ಕಡೆಯಿಂದ ವಲಸೆ ಬಂದ ಸಿರೋ ಮಲಬಾರ್ ಕುಟುಂಬಗಳಿವೆ. ಅಲ್ಲಿಯ ಮದುವೆಗೆ ಹೋದರೆ ಹಿರಿಯ ಅಮ್ಮಂದಿರು ಇಂದಿಗೂ ಬಿಳಿ ಚಟ್ಟ, ಬಿಳಿ ಮುಂಡು ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿರುವುದು ಕಾಣಸಿಗುತ್ತದೆ. ಅವರನ್ನು ನೋಡಿ ಯಾವ ವಧುವೂ ಮುಖ ಸಣ್ಣದು ಮಾಡುವುದಿಲ್ಲ. ಅಲ್ಲಿ ವರನ ಕಡೆಯಿಂದ ಬರುವ ಮಂತ್ರಕೋಡಿ ಎಂಬ ಸೀರೆಯನ್ನು ಇಗರ್ಜಿಯಲ್ಲಿಯೇ ವಧುವಿನ ತಲೆಯ ಮೇಲೆ ಹೊದೆಸುತ್ತಾರೆ. ನಮ್ಮ ಕೆಂಪು ಸಾಡೊ ಹೇಗೋ ಅವರಿಗೆ ಮಂತ್ರಕೋಡಿ ಹಾಗೆ. ನಾವು ಬೇರೆ ಮನೆಯ ಹುಡುಗಿಯರು ಅಂಥ ಮದುವೆಗೆ ಬಂಗಾರದಂಚಿನ ಕಸವು ಸೀರೆ ಉಡುವ ಬದಲು ಬಣ್ಣದಂಚಿನದನ್ನು ಆರಿಸಿದರೆ ಸಾಕು.

ರೆಸೆಪ್ಶನ್ನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರೇಷ್ಮೆಗೆ, ಜರಿಗೆ, ಒಡವೆಗೆ ಅದೇ ಜಾಗ. ಮೇ ತಿಂಗಳಾದರೆ ಭಾರದ ಕಾಂಚೀಪುರಕ್ಕಿಂತ ಹಗುರವಾದ ಮೈಸೂರು ರೇಷ್ಮೆ ಹಿತ. ಸುಗಂಧವನ್ನು ಸೀರೆ ಉಡುವ ಮೊದಲೇ ಹಾಕಿಕೊಳ್ಳಿ, ಜರಿಯ ಮೇಲೆ ಬಿದ್ದರೆ ಅದು ಕಪ್ಪಾಗುತ್ತದೆ. ಕುಣಿಯುವ ಆಸೆಯಿದ್ದರೆ ನೆರಿಗೆಗೆ ಇನ್ನೆರಡು ಪಿನ್ನು. ನಮ್ಮ ಇಗರ್ಜಿಗಳ ಅಂಗಳವೆಲ್ಲ ಮುರಕಲ್ಲಿನ ಕೆಂಪು ಮಣ್ಣು. ಎತ್ತರದ ಹಿಮ್ಮಡಿಯ ಚಪ್ಪಲಿ ಅದರಲ್ಲಿ ಹೂಳುತ್ತದೆ, ನೆಲ ಗುಡಿಸುವ ಗೌನಿನ ಅಂಚು ಸಂಜೆಯೊಳಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಗಂಡಸರು ಕೋಟು ಹಾಕಲಿ, ಬೇಡವೆನ್ನುವುದಿಲ್ಲ. ಟೋಸ್ಟ್ ಮುಗಿದ ಕೂಡಲೇ ತೆಗೆದು ಕುರ್ಚಿಗೆ ನೇತುಹಾಕಿ, ಹೊರಡುವಾಗ ಅಲ್ಲೇ ಮರೆತುಬರುತ್ತಾರೆ, ಅಷ್ಟೇ.

ನೆರೆಯವರ ಮದುವೆಗೆ ಹೋಗುವಾಗ ನಾವು ಇನ್ನೂ ಸ್ವಲ್ಪ ಜಾಗ್ರತೆ ವಹಿಸುತ್ತೇವೆ. ಅಲ್ಲಿ ನಮ್ಮ ತಪ್ಪು ನಮ್ಮೊಬ್ಬರ ತಪ್ಪಾಗಿ ಉಳಿಯುವುದಿಲ್ಲ. ಭಟ್ಟರ ಮನೆಯ ಧಾರೆಗೆ ಕಪ್ಪು ಬೇಡ. ಶುಭಕಾರ್ಯಕ್ಕೆ ಅದು ಹಿರಿಯರ ಕಣ್ಣಿಗೆ ಹಿಡಿಸುವುದಿಲ್ಲ. ಮಂಟಪದ ಬಳಿ ಚಪ್ಪಲಿ ಕಳಚಬೇಕು, ಆದ್ದರಿಂದ ಲೇಸು ಕಟ್ಟುವ ಬೂಟು ಬೇಡ. ಹೋಮದ ಹತ್ತಿರ ನೈಲಾನಿನ ಸೆರಗು, ಉದ್ದ ದುಪಟ್ಟಾ ಇಳಿಬಿಡಬಾರದು. ಊಟಕ್ಕೆ ಪಂಕ್ತಿಯಲ್ಲಿ ನೆಲದ ಮೇಲೆ ಎಲೆ ಹಾಕುವ ಮನೆಯಾದರೆ ಬಿಗಿ ಪ್ಯಾಂಟಿನ ಹುಡುಗರ ಪಾಡು ನೋಡಬೇಕು! ಒಂದು ಮುಂಡು ಉಟ್ಟರೆ ಎಷ್ಟು ಸುಖ. ಮುನ್ನಾದಿನ ಮದರಂಗಿಯೋ ಅರಸಿನವೋ ಇದ್ದರೆ ರೋಸಿನ ಹತ್ತಿ ಸೀರೆಯೇ ಅಲ್ಲಿಗೂ ಆಗುತ್ತದೆ. ಅರಸಿನದ ಕಲೆಗೆ ಬಿಸಿಲು ತೋರಿಸಿದರೆ ಮಾಸುತ್ತದೆ.

ಹಾಜಿಯವರ ಮನೆಯ ಮೈಲಾಂಜಿಯ ರಾತ್ರಿಗೆ ನಮ್ಮ ಹೆಣ್ಣುಮಕ್ಕಳಿಗೆ ತುಂಬು ಸಂಭ್ರಮ. ಒಪ್ಪನದ ಹಾಡು, ಚಪ್ಪಾಳೆ, ವಧುವಿನ ಕೈತುಂಬ ಮದರಂಗಿ. ಬಣ್ಣಕ್ಕೆ ಅಲ್ಲಿ ಅಡ್ಡಿಯಿಲ್ಲ, ಎಷ್ಟು ಗಾಢವಾದರೂ ಸೈ. ತೋಳು ಉದ್ದವಿರಲಿ, ಜೊತೆಗೊಂದು ದುಪಟ್ಟಾ ಇರಲಿ. ನಿಕಾಹ್ ನಡೆಯುವಲ್ಲಿ ಗಂಡಸರು ಮಾತ್ರ ಇರುವುದುಂಟು, ಹೆಂಗಸರಿಗೆ ಬೇರೆ ಕಡೆ ವ್ಯವಸ್ಥೆ. ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೊದಲೇ ಅವರ ಮನೆಯ ಹೆಂಗಸರಲ್ಲಿ ಕೇಳಿಕೊಂಡರೆ ಯಾರಿಗೂ ಮುಜುಗರವಿಲ್ಲ. ಕೇಳಿದರೆ ಅವರಿಗೂ ಖುಷಿಯೇ.

ಇನ್ನು ಆ ಮೂರು ಹಳದಿ ಸೀರೆಗಳ ಕತೆ.

ನಮ್ಮ ದೊಡ್ಡ ಮಗಳ ಮದುವೆಗೆ ಹೀಗೆಯೇ ಚೀಟಿ ಕಳಿಸಿದವರು ನಾವೇ. ರೋಸಿಗೆ ಎಲ್ಲರೂ ಹಳದಿ ಉಟ್ಟರೆ ಫೋಟೊ ಚಂದ ಬರುತ್ತದೆ ಎಂದು ಯಾರೋ ಹೇಳಿದರು, ನಮಗೂ ಸರಿ ಕಂಡಿತು. ಹತ್ತಿರದ ಬಂಧುಗಳಿಗೆ ನಾವೇ ಸೀರೆ ತೆಗೆದುಕೊಟ್ಟೆವು. ಲೆಕ್ಕ ಒಂದು ಕಡೆ ನಿಲ್ಲಲೇಬೇಕಲ್ಲ, ಅತ್ತಿಗೆ ನಾದಿನಿಯರಿಗೆ ನಿಲ್ಲಿಸಿದೆವು. ಉಳಿದವರು ತಂದುಕೊಳ್ಳುತ್ತಾರೆ ಎಂದುಕೊಂಡೆವು.

ನಮಗೊಬ್ಬರು ಮೌಶಿ ಇದ್ದಾರೆ, ಬೇಳದ ಕಡೆ ಮನೆ. ಗಂಡ ತೀರಿದ ಮೇಲೆ ಬೀಡಿ ಕಟ್ಟಿ ಮಕ್ಕಳನ್ನು ದಡ ಸೇರಿಸಿದವರು. ವೊವಿಯೊ ಹೇಳುವುದರಲ್ಲಿ ನಮ್ಮ ಕುಟುಂಬದಲ್ಲಿ ಅವರನ್ನು ಮೀರಿಸುವವರಿಲ್ಲ. ವಧುವಿನ ಹೆಸರು, ತಂದೆ ತಾಯಿಯ ಹೆಸರು, ಮನೆಯ ಬಾವಿ, ಅಂಗಳದ ಮಲ್ಲಿಗೆ ಎಲ್ಲವನ್ನೂ ಆ ಕ್ಷಣವೇ ಪದಕ್ಕೆ ಹೊಂದಿಸಿ ಹಾಡುತ್ತಾರೆ, ಉಳಿದ ಹೆಂಗಸರು ದನಿಗೂಡಿಸುತ್ತಾರೆ. ನಮ್ಮ ಸ್ವಂತ ರೋಸಿನಲ್ಲಿ ಹಾಡಿದವರೂ ಅವರೇ. ಅಂದು ಅವರು ಹಾಡಿದ್ದಕ್ಕೆ ನಮ್ಮ ಅಮ್ಮ ಬಿಕ್ಕಿ ಅತ್ತದ್ದು ಈಗಲೂ ನೆನಪಿದೆ.

ಮಗಳ ರೋಸಿಗೆ ಮೌಶಿ ಬರಲಿಲ್ಲ. ಮೊಣಕಾಲು ನೋವು ಎಂದು ಹೇಳಿಕಳಿಸಿದರು. ಮರುದಿನ ಇಗರ್ಜಿಗೆ ಬಂದರು, ತಮ್ಮ ಹಳೆಯ ರೇಷ್ಮೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು, ಮೆಟ್ಟಿಲು ಹತ್ತುವಾಗ ಮೊಣಕಾಲಿನ ನೋವೇನೂ ಕಾಣಲಿಲ್ಲ. ರೋಸಿನಲ್ಲಿ ವೊವಿಯೊ ಎತ್ತಿಕೊಡುವವರಿಲ್ಲದೆ ಫೋನಿನಿಂದ ಸ್ಪೀಕರಿಗೆ ಹಾಕಿದೆವು. ಬೇರೆ ಯಾರದೋ ಮನೆಯ ವಧುವಿನ ಹೆಸರಿನ ಹಾಡು! ನಾಲ್ಕು ಸಾಲು ಆದ ಮೇಲೆ ನಾವೇ ನಿಲ್ಲಿಸಿಬಿಟ್ಟೆವು. ಹಳದಿಯ ಫೋಟೊ ಮಾತ್ರ ಚಂದ ಬಂದಿದೆ.

ತಿಂಗಳ ನಂತರ ಅವರ ನೆರೆಮನೆಯ ಹುಡುಗಿ ಮಾತಿನ ನಡುವೆ ಹೇಳಿದಳು. ಮೌಶಿ ಹಳದಿ ಸೀರೆ ಕೇಳಿಕೊಂಡು ಮೂರು ಮನೆಗೆ ಹೋಗಿದ್ದರಂತೆ. ಒಂದು ಮನೆಯಲ್ಲಿ ಇರಲಿಲ್ಲ, ಒಂದು ಮನೆಯವರು ಅವರೇ ಉಡುವವರಿದ್ದರು, ಮೂರನೆಯವರು ಕೊಟ್ಟ ಸೀರೆಗೆ ರವಿಕೆ ಹೊಂದಲಿಲ್ಲ. ಅವಳು ಅದನ್ನು ತಮಾಷೆಯ ಹಾಗೆ ಹೇಳಿದಳು. ನಮಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮೌಶಿಯ ಹತ್ತಿರ ಕ್ಷಮೆ ಕೇಳುವುದಾದರೂ ಹೇಗೆ? ಕೇಳಿದರೆ, ಅವರು ಮುಚ್ಚಿಟ್ಟದ್ದು ನಮಗೆ ಗೊತ್ತಾಗಿದೆ ಎಂದು ಹೇಳಿದ ಹಾಗಾಗುತ್ತದೆ. ಕೇಳಲಿಲ್ಲ.

ಹೋದ ವರ್ಷ ಮಗನ ಮದುವೆ ಬಂತು. ಚೀಟಿ ಕಳಿಸಲಿಲ್ಲ. ಕರೆಯೋಲೆ ಹಿಡಿದು ಬೇಳಕ್ಕೆ ನಾವಿಬ್ಬರೂ ಹೋದೆವು. ಮೌಶಿ ಚಹಾ ಕೊಟ್ಟು, ಕರೆಯೋಲೆ ತಿರುಗಿಸಿ ತಿರುಗಿಸಿ ನೋಡಿ, "ರೋಸಿಗೆ ಯಾವ ಬಣ್ಣ ಮಗಾ?" ಎಂದು ಕೇಳಿದರು.

"ಬಣ್ಣ ಎಂಥದ್ದೂ ಇಲ್ಲ ಮೌಶಿ. ಕಾಯಿಹಾಲು ಬಿದ್ದರೆ ತೊಳೆಯಲಿಕ್ಕೆ ಆಗುವಂಥದ್ದು ಒಂದು ಉಟ್ಟುಕೊಂಡು ಬನ್ನಿ. ವೊವಿಯೊ ನೀವೇ ಹೇಳಬೇಕು, ಬೇರೆ ಯಾರಿಗೂ ಬರುವುದಿಲ್ಲ" ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹುಡುಗಿಯ ಹೆಸರು ಏನೆಂದೆ? ಅವಳ ತಾಯಿಯ ಹೆಸರು?" ಎಂದು ಕೇಳಿದರು.

ರೋಸಿನ ಸಂಜೆ ಐದಕ್ಕೇ ಬಂದರು, ನೀಲಿ ಬಣ್ಣದ ಕಾಸರಗೋಡು ಸೀರೆಯಲ್ಲಿ. ಕಾಯಿ ತುರಿಯುವ ಹೆಂಗಸರ ಜೊತೆ ಕುಳಿತು ಹಾಲು ಹಿಂಡಿದರು. ಚಪ್ಪರದಲ್ಲಿ ಹಳದಿ, ಹಸಿರು, ಗುಲಾಬಿ, ನೈಟಿಯ ಮೇಲೆ ಶಾಲು ಹೊದ್ದ ಅಡುಗೆಯವರು, ಎಲ್ಲ ಬಗೆಯವರೂ ಇದ್ದರು. ಫೋಟೊದವನು ಸ್ವಲ್ಪ ಗೊಣಗಿದ. ಮಗನ ತಲೆಗೆ ಮೌಶಿ ಎರಡೂ ಅಂಗೈ ತುಂಬ ಹಾಲು ಹಾಕಿ ತಿಕ್ಕಿದಾಗ ಅದು ಅವನ ಕಿವಿಯಿಂದ ಇಳಿದು ಅವರ ಸೆರಗಿಗೇ ಬಿತ್ತು, ಮೊಣಕೈವರೆಗೂ ಹಾಲು. ಅದೇ ಕೈಯಲ್ಲಿ ತಾಳ ಹಾಕುತ್ತ ವೊವಿಯೊ ಎತ್ತಿದರು. ನಮ್ಮ ಅಂಗಳದ ಮಲ್ಲಿಗೆ ಹೋಗಿ ವರ್ಷಗಳಾದವು, ಆದರೂ ಹಾಡಿನಲ್ಲಿ ಅದು ಬಂತು.

ರಾತ್ರಿ ಅವರನ್ನು ಮನೆಯಲ್ಲೇ ಉಳಿಸಿಕೊಂಡೆವು. ಬೆಳಿಗ್ಗೆ ನಾವು ಎದ್ದು ನೋಡುವಾಗ ಆ ನೀಲಿ ಸೀರೆ ತಣ್ಣೀರಿನಲ್ಲಿ ಜಾಲಿಸಿ, ಸಾಬೂನು ಹಾಕಿ, ಹಿಂಡಿ ಆಗಿ ಅಂಗಳದ ಹಗ್ಗದ ಮೇಲೆ ಒಣಗುತ್ತಿತ್ತು. ಒಂದು ಕಲೆಯೂ ಉಳಿದಿರಲಿಲ್ಲ.